ಸರ್ಕಲ್ಲಿನಲ್ಲಿ ಮೊದಲು ಯಾರು?

ಬಸವನಗುಡಿಯಲ್ಲಿ ದಾರಿ ಕೇಳಿದರೆ ಉತ್ತರ ಬರುವುದು ಸರ್ಕಲ್ಲುಗಳ ಲೆಕ್ಕದಲ್ಲಿ. ಟ್ಯಾಗೋರ್ ಸರ್ಕಲ್, ನೆಟ್ಟಕಲ್ಲಪ್ಪ ಸರ್ಕಲ್, ಆರ್ಮುಗಂ ಸರ್ಕಲ್, ಸೌತ್ ಎಂಡ್ ಸರ್ಕಲ್, ಆಚೆಗೆ ವಿ.ವಿ. ಪುರದ ಸಜ್ಜನ್‌ರಾವ್ ಸರ್ಕಲ್, ಮಿನರ್ವ ಸರ್ಕಲ್. ಇಲ್ಲಿ ಹುಟ್ಟಿ ಬೆಳೆದವರಿಗೆ ಇವು ದಿಕ್ಕುಗಳಿದ್ದ ಹಾಗೆ. ಟ್ಯಾಗೋರ್ ಸರ್ಕಲ್ಲಿನ ಅಡಿಯಲ್ಲಿ ಕೆ.ಆರ್. ರಸ್ತೆಯ ಅಂಡರ್‌ಪಾಸ್ ಹಾದುಹೋಗಿದೆ. ನ್ಯಾಷನಲ್ ಕಾಲೇಜು ಸರ್ಕಲ್ಲಿನ ನೆತ್ತಿಯ ಮೇಲೆ ಫ್ಲೈಓವರ್ ಇದೆ. ಮಿಕ್ಕ ದೊಡ್ಡ ಸರ್ಕಲ್ಲುಗಳಲ್ಲಿ ವಾಹನ ನಡೆಸುವುದು ಸಿಗ್ನಲ್ಲೋ ಪೊಲೀಸರ ಕೈಯೋ. ಹೆಸರು ಉಳಿದಿದೆ, ನಡುವೆ ಕಟ್ಟೆಯೂ ಕೆಲವು ಕಡೆ ಉಳಿದಿದೆ. ದೀಪವಿಲ್ಲದೆ, ಪೇದೆಯಿಲ್ಲದೆ, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಸುತ್ತಿ ಹೋಗುವ ಪದ್ಧತಿ ಮಾತ್ರ ಬಹುಪಾಲು ಹೋಗಿದೆ.

ಇದು ಸರ್ಕಲ್ಲಿನ ಸೋಲೇ ಎಂಬುದು ಹಳೆಯ ಜಗಳ. ಗಾಂಧಿ ಬಜಾರಿನ ಕಾಫಿ ಮೇಜಿನಿಂದ ಹಿಡಿದು ಪಾಲಿಕೆಯ ಸಭೆಯವರೆಗೆ ಎರಡು ಮಾತು ಕೇಳಿಬರುತ್ತವೆ: "ಸರ್ಕಲ್ ಇದ್ದಾಗ ಗಾಡಿ ನಿಲ್ತಾನೇ ಇರಲಿಲ್ಲ" ಎಂಬುದು ಒಂದು, "ಆ ಕಾಲ ಬೇರೆ, ಈಗ ಸರ್ಕಲ್ ಅಂದ್ರೆ ಜಾಮ್" ಎಂಬುದು ಇನ್ನೊಂದು. ಎಂಜಿನಿಯರುಗಳ ಲೋಕದಲ್ಲೂ ಇದೇ ವಾದ ನೂರು ವರ್ಷಕ್ಕಿಂತ ಹೆಚ್ಚು ಕಾಲದಿಂದ ನಡೆದಿದೆ. ಅದನ್ನು ಹಳೆಯ ಬೆಂಗಳೂರಿನ ರಸ್ತೆಗಳ ಮೇಲೆ ಹರಡಿ ನೋಡುವುದು ಈ ಲೇಖನದ ಉದ್ದೇಶ.

ಜಟಕಾ ಕಾಲದ ನಕ್ಷೆ

1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯ ನಕ್ಷೆ ಸರಳ. ಉದ್ದಕ್ಕೆ ಮೇನ್ ರಸ್ತೆಗಳು, ಅಡ್ಡಕ್ಕೆ ಕ್ರಾಸುಗಳು, ಎಲ್ಲವೂ ಲಂಬಕೋನದಲ್ಲಿ. ಅಲ್ಲಿ ವೃತ್ತ ಬೇಕೆನಿಸುವ ಮೂಲೆಗಳು ಕಡಿಮೆ. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಂದು ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಗಾಳಿ ಬೆಳಕಿಗೆಂದು ಅಗಲ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ನಡುನಡುವೆ ಉದ್ಯಾನ, ಸಾಲುಮರ. ಚೌಕದ ಮನೆಗಳನ್ನು ಓರೆಯಾಗಿ ಸೀಳಿಹೋಗುವ ರಸ್ತೆಗಳೂ ಹುಟ್ಟಿದವು, ವಿ.ವಿ. ಪುರದಲ್ಲಿ ಇಂದಿಗೂ ಒಂದು ರಸ್ತೆಯ ಹೆಸರೇ ಡಯಾಗನಲ್ ರೋಡ್.

ಓರೆ ರಸ್ತೆ ಬಂದ ಕಡೆ ಕೂಡುವಲ್ಲಿ ನಾಲ್ಕರ ಬದಲು ಐದು, ಆರು ದಾರಿಗಳಾಗುತ್ತವೆ. ಅಂಥ ಕೂಡುರಸ್ತೆಗೆ ವೃತ್ತಕ್ಕಿಂತ ಸಲೀಸಾದ ಉಪಾಯ ಆಗ ಇರಲಿಲ್ಲ. ಎಷ್ಟು ದಾರಿ ಬಂದು ಸೇರಿದರೂ ವೃತ್ತಕ್ಕೆ ಭೇದವಿಲ್ಲ. ಎಲ್ಲರೂ ಎಡಕ್ಕೆ ತಿರುಗಿ ಒಳಹೊಕ್ಕು, ಕಟ್ಟೆಯನ್ನು ಬಲಕ್ಕಿಟ್ಟುಕೊಂಡು ಸುತ್ತಿ, ತಮ್ಮ ದಾರಿ ಬಂದಾಗ ಎಡಕ್ಕೆ ಹೊರಬೀಳುವುದು. ಜಟಕಾ, ಎತ್ತಿನ ಗಾಡಿ, ಸೈಕಲ್ಲು, ಅಪರೂಪಕ್ಕೊಂದು ಮೋಟಾರು ಇದ್ದ ದಿನಗಳಲ್ಲಿ ಇಷ್ಟು ಸಾಕಾಗಿತ್ತು.

ಆದರೆ ಅಂದಿನವರು ಸರ್ಕಲ್ ಕಟ್ಟಿದ್ದು ಗಾಡಿ ಹರಿಸುವುದಕ್ಕಷ್ಟೇ ಅಲ್ಲ. ನಡುವಿನ ಜಾಗ ಹೂದೋಟಕ್ಕೆ, ಕಾರಂಜಿಗೆ, ಪ್ರತಿಮೆಗೆ, ಗಣ್ಯರ ಹೆಸರಿಗೆ ಒದಗಿತು. 1948ರಲ್ಲಿ ಸಿ. ರಾಜಗೋಪಾಲಾಚಾರಿ ಜಯನಗರಕ್ಕೆ ಅಡಿಗಲ್ಲು ಹಾಕಿದ್ದರ ನೆನಪಿಗೆ ನಿಂತ ಅಶೋಕ ಸ್ತಂಭ ಇಂದಿಗೂ ವೃತ್ತದ ನಡುವೆಯೇ ಇದೆ. ಹೆಚ್ಚುತ್ತ ಬಂದ ವಾಹನಗಳ ನಡುವೆ ಕೆಲವು ಕಡೆ ಈ ಕಟ್ಟೆಯ ಜಾಗದಲ್ಲಿ ಕೊಡೆಯಡಿ ಪೇದೆ ನಿಂತ. ಅಲ್ಲಿಗೆ ಸರ್ಕಲ್ಲಿನ ಅಸಲು ಗುಟ್ಟು, ಅಂದರೆ ಯಾರೂ ಕೈ ಅಡ್ಡ ಹಿಡಿಯದೆ ಹರಿವು ತಾನೇ ನಡೆಯಬೇಕೆಂಬುದು, ಸದ್ದಿಲ್ಲದೆ ಕೈಬಿಟ್ಟಿತ್ತು. ಸರ್ಕಲ್ ಎಂದರೆ ನಮಗೆ ಒಂದು ಆಕಾರ, ಒಂದು ಹೆಸರು, ಒಂದು ಗೌರವ. ಅದಕ್ಕೊಂದು ನಿಯಮ ಇದೆ ಎಂಬುದು ಆ ಆಕಾರದ ಜೊತೆ ಬರಲೇ ಇಲ್ಲ.

ನಿಯಮ ಹುಟ್ಟಿದ ಬಗೆ

ನಿಯಮದ ಕತೆ ಬೇರೆ ಊರುಗಳದ್ದು. ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್ಲಿನಲ್ಲಿ ವಿಲಿಯಂ ಫೆಲ್ಪ್ಸ್ ಈನೋ 1905ರ ಹೊತ್ತಿಗೆ ಎಲ್ಲ ಗಾಡಿಗಳೂ ಒಂದೇ ದಿಕ್ಕಿಗೆ ಸುತ್ತಬೇಕೆಂದು ಗೊತ್ತುಮಾಡಿದ. ಪ್ಯಾರಿಸ್ಸಿನಲ್ಲಿ ವಾಸ್ತುಶಿಲ್ಪಿ ಯೂಜಿನ್ ಹೆನಾರ್ ಇದೇ ಯೋಚನೆಯನ್ನು ಮುಂದಿಟ್ಟ. 1907ರಲ್ಲಿ ಹನ್ನೆರಡು ಬೀದಿಗಳು ಸೇರುವ ಎಟ್ವಾಲ್ ಚೌಕದಲ್ಲಿ ಅದು ಜಾರಿಗೆ ಬಂತು. ದಿಕ್ಕೇನೋ ಒಂದಾಯಿತು. ಒಳಗೆ ಸುತ್ತುತ್ತಿರುವವನು ಮತ್ತು ಹೊರಗಿನಿಂದ ನುಗ್ಗುತ್ತಿರುವವನು ಎದುರಾದರೆ ಯಾರು ನಿಲ್ಲಬೇಕೆಂಬುದು ಮಾತ್ರ ಇತ್ಯರ್ಥವಾಗಲಿಲ್ಲ. ಫ್ರಾನ್ಸಿನಲ್ಲಿ ಹೊರಗಿನಿಂದ ಬರುವವನಿಗೇ ಆದ್ಯತೆ ಇತ್ತು.

ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ಸರ್ಕಲ್ಲಿನ ಇಡೀ ವಿವಾದದ ಬೇರು ಇದೇ. ಹೊರಗಿನವನಿಗೆ ಆದ್ಯತೆ ಕೊಟ್ಟರೆ ಒಳಗಿರುವವನು ನಿಲ್ಲಬೇಕು. ಅವನು ನಿಂತರೆ ಅವನ ಹಿಂದಿನವನು ನಿಲ್ಲುತ್ತಾನೆ. ಹಿಂದಿನವನ ಬಾಲ ಇನ್ನೊಂದು ರಸ್ತೆಯ ಹೊರಬಾಗಿಲಿಗೆ ಅಡ್ಡವಾಗುತ್ತದೆ. ಹೊರಹೋಗಬೇಕಾದವನು ಹೋಗಲಾರ, ಅವನ ಹಿಂದೆ ಮತ್ತೊಂದು ಸಾಲು. ಕೊನೆಗೆ ಪ್ರತಿಯೊಬ್ಬರೂ ಇನ್ನೊಬ್ಬರ ಹಿಂದೆ ಸಿಕ್ಕಿ, ಉಂಗುರಕ್ಕೆ ಉಂಗುರವೇ ಬಿಗಿದುಕೊಳ್ಳುತ್ತದೆ. ಹೊರಗೆ ರಸ್ತೆ ಖಾಲಿ ಇದ್ದರೂ ಯಾರೂ ಅಲ್ಲಿಗೆ ತಲುಪಲಾರರು. ಎರಡನೆಯ ಮಹಾಯುದ್ಧದ ನಂತರ ಕಾರುಗಳು ಹೆಚ್ಚಿದಂತೆ ಅಮೆರಿಕ, ಬ್ರಿಟನ್ ಎರಡೂ ಕಡೆ ಹೀಗಾಯಿತು. ಅಮೆರಿಕದವರು ಬೇಸತ್ತು ಸರ್ಕಲ್ ಕಟ್ಟುವುದನ್ನೇ ಹೆಚ್ಚುಕಡಿಮೆ ಬಿಟ್ಟರು.

ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ಫ್ರಾಂಕ್ ಬ್ಲ್ಯಾಕ್‌ಮೋರ್ ನಿಯಮವನ್ನೇ ತಿರುಗಿಸಿ ನೋಡಿದರು: ಒಳಗಿರುವವರಿಗೆ ಮೊದಲ ಹಕ್ಕು, ಹೊರಗಿನವರು ಗೆರೆಯ ಬಳಿ ಕಾಯಬೇಕು. ಪ್ರಯೋಗಗಳ ನಂತರ 1966ರ ನವೆಂಬರಿನಲ್ಲಿ ಅದು ಬ್ರಿಟನ್ನಿನಾದ್ಯಂತ ನಿಯಮವಾಯಿತು. ಉಂಗುರ ಬಿಗಿದುಕೊಳ್ಳುವುದು ತಪ್ಪಿತು. ಸಾಲು ನಿಂತರೂ ಹೊರಗೆ ನಿಲ್ಲುತ್ತದೆ, ಒಳಗೆ ಹರಿವು ನಡೆದಿರುತ್ತದೆ. ಇದರ ಇನ್ನೊಂದು ಫಲವೆಂದರೆ ವೃತ್ತ ದೊಡ್ಡದಿರಬೇಕಾಗಿಲ್ಲ. ನಡುವೆ ಬರೀ ಬಣ್ಣದ ಬಿಲ್ಲೆಯಿದ್ದರೂ ಕೆಲಸ ನಡೆಯುತ್ತದೆಂದು ಬ್ಲ್ಯಾಕ್‌ಮೋರ್ ಮಿನಿ ಸರ್ಕಲ್ಲುಗಳನ್ನು ತಂದರು; 1972ರಲ್ಲಿ ಸ್ವಿಂಡನ್ ಊರಿನಲ್ಲಿ ಐದು ಪುಟ್ಟ ವೃತ್ತಗಳನ್ನು ಒಂದು ದೊಡ್ಡದರ ಸುತ್ತ ಪೋಣಿಸಿದ ವಿಚಿತ್ರವೂ ನಿಂತಿತು, ಇಂದಿಗೂ ನಡೆಯುತ್ತಿದೆ. ಫ್ರಾನ್ಸ್ 1980ರ ದಶಕದಲ್ಲಿ ಹೊಸ ಸರ್ಕಲ್ಲುಗಳಿಗೆ ಒಳಗಿನವರ ಆದ್ಯತೆಯನ್ನು ಒಪ್ಪಿಕೊಂಡ ಮೇಲೆ ಅಲ್ಲಿ ಸಾವಿರಾರು ಸರ್ಕಲ್ಲುಗಳೆದ್ದವು. ಎಟ್ವಾಲ್ ಚೌಕ ಮಾತ್ರ ಹಳೆಯ ಹಟದಲ್ಲೇ ಇದೆ.

ನಮ್ಮ ಕಾನೂನು ಏನು ಹೇಳುತ್ತದೆ? 1989ರ ರಸ್ತೆ ನಿಯಮಾವಳಿಯ ಪ್ರಕಾರ, ಮುಖ್ಯರಸ್ತೆಯೆಂದು ಗೊತ್ತುಮಾಡಿದ ಕಡೆ ಬಿಟ್ಟು ಉಳಿದೆಲ್ಲ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಬೇಕಿತ್ತು. ಎಡಬದಿಯಲ್ಲಿ ಓಡಾಡುವ ದೇಶದಲ್ಲಿ ಸರ್ಕಲ್ಲಿಗೆ ಬಂದವನ ಬಲಕ್ಕೆ ಇರುವುದು ಆಗಲೇ ಒಳಗೆ ಸುತ್ತುತ್ತಿರುವವನು. ಅದರ ಜಾಗಕ್ಕೆ 2017ರಲ್ಲಿ ಬಂದ ಚಾಲನಾ ನಿಯಮಾವಳಿ ಸರ್ಕಲ್ಲಿನೊಳಗಿನ ವಾಹನಕ್ಕೆ ಮೊದಲ ಹಕ್ಕೆಂದು ಬಿಡಿಸಿಯೇ ಹೇಳುತ್ತದೆ. ಎಂದರೆ ಬ್ಲ್ಯಾಕ್‌ಮೋರ್ ನಿಯಮ ನಮ್ಮಲ್ಲಿ ಕಾಗದದ ಮೇಲೆ ಇದ್ದೇ ಇದೆ. ರಸ್ತೆಯಲ್ಲಿ ನಡೆಯುವ ನಿಯಮ ಬೇರೆ: ಮೂತಿ ಮೊದಲು ತೂರಿಸಿದವನಿಗೆ ದಾರಿ, ಹಾರ್ನ್ ಜೋರಿದ್ದವನಿಗೆ ಇನ್ನೂ ಬೇಗ ದಾರಿ. ತಲೆಕೆಳಗಾದ ತ್ರಿಕೋನದ "ದಾರಿ ಬಿಡಿ" ಫಲಕವನ್ನು ಎಲ್‌ಎಲ್ ಪರೀಕ್ಷೆಗೆ ಬಾಯಿಪಾಠ ಮಾಡಿದವರು ಸಾವಿರ. ಸರ್ಕಲ್ಲಿನ ಬಾಯಲ್ಲಿ ಅದನ್ನು ನೋಡಿ ಬ್ರೇಕ್ ಒತ್ತಿದವರನ್ನು ಹುಡುಕಬೇಕು.

ಅರವತ್ತು ಮೀಟರಿನ ಲೆಕ್ಕ

ಭಾರತದ ಎಂಜಿನಿಯರುಗಳು ಬಹುಕಾಲ ನೆಚ್ಚಿದ್ದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1976ರಲ್ಲಿ ಹೊರತಂದ ಐಆರ್‌ಸಿ 65 ಎಂಬ ಕೈಪಿಡಿಯನ್ನು. ಅದರ ಹಿಂದಿರುವುದು ಬ್ರಿಟನ್ನಿನ ಜೆ.ಜಿ. ವಾರ್ಡ್ರಪ್ 1957ರಲ್ಲಿ ಕೊಟ್ಟ ಸೂತ್ರ, ಅಂದರೆ ಆದ್ಯತೆಯ ನಿಯಮ ಬರುವುದಕ್ಕೂ ಮುಂಚಿನದು. ಅದು ಸರ್ಕಲ್ಲನ್ನು ಜಡೆ ಹೆಣೆದಂತೆ ಕಾಣುತ್ತದೆ: ಒಳಬರುವವರು ಮತ್ತು ಹೊರಹೋಗುವವರು ಎರಡು ರಸ್ತೆಗಳ ನಡುವಿನ ಜಾಗದಲ್ಲಿ ಒಬ್ಬರನ್ನೊಬ್ಬರು ಅಡ್ಡಹಾಯ್ದು ಹೊಸೆದುಕೊಳ್ಳಬೇಕು. ಆ ಜಾಗ ಎಷ್ಟು ಅಗಲ, ಎಷ್ಟು ಉದ್ದ ಎಂಬುದರ ಮೇಲೆ ಸರ್ಕಲ್ಲಿನ ತಾಕತ್ತು.

ಒಂದು ಲೆಕ್ಕ ಮಾಡಿ ನೋಡಬಹುದು. ಹೆಣೆಯುವ ಜಾಗ 12 ಮೀಟರ್ ಅಗಲ, 40 ಮೀಟರ್ ಉದ್ದ, ಬಾಯಿಯ ಸರಾಸರಿ ಅಗಲ 9 ಮೀಟರ್, ಮುಕ್ಕಾಲು ಪಾಲು ವಾಹನಗಳು ಹೆಣೆದುಕೊಳ್ಳುವವೆಂದಿಟ್ಟುಕೊಂಡರೆ ಆ ತುಂಡಿನಲ್ಲಿ ಗಂಟೆಗೆ ಸುಮಾರು 3,400 ಕಾರಿಗೆ ಸಮನಾದ ವಾಹನ ಸಾಗಬಹುದೆಂದು ಸೂತ್ರ ಹೇಳುತ್ತದೆ. ಕಡಿಮೆಯೇನಲ್ಲ. ಆದರೆ ನಾಲ್ಕು ದಿಕ್ಕಿಗೂ 40 ಮೀಟರ್ ಬಿಡಬೇಕೆಂದರೆ ಬರೀ ಹೆಣಿಗೆಗೇ 160 ಮೀಟರ್ ಸುತ್ತಳತೆ. ರಸ್ತೆಯ ಅಗಲ ಸೇರಿಸಿದರೆ ಸರ್ಕಲ್ಲು ಅಂಚಿನಿಂದ ಅಂಚಿಗೆ 60 ಮೀಟರ್ ದಾಟುತ್ತದೆ. ಇನ್ನೂರು ಅಡಿ. ಹಳೆಯ ಬಸವನಗುಡಿಯಲ್ಲಿ ಅಷ್ಟು ಜಾಗ ಬೇಕಾದರೆ ನಾಲ್ಕೂ ಮೂಲೆಯ ಮನೆ, ಅಂಗಡಿ, ಅರಳಿಕಟ್ಟೆಗಳನ್ನು ಎಳೆದುಕೊಳ್ಳಬೇಕು.

ಅದೇ ಕೈಪಿಡಿ ಇನ್ನೂ ಕೆಲವು ಗಡಿಗಳನ್ನು ಹಾಕಿದೆ. ಎಲ್ಲ ದಾರಿಗಳಿಂದ ಬರುವ ವಾಹನ ಗಂಟೆಗೆ ಒಟ್ಟು 3,000 ದಾಟಿದರೆ ಸರ್ಕಲ್ ತಡೆಯದು, 500ಕ್ಕಿಂತ ಕಡಿಮೆಯಿದ್ದರೆ ಬೇಕಾಗಿಲ್ಲ. ಬಲಕ್ಕೆ ತಿರುಗುವವರು ನೂರಕ್ಕೆ ಮೂವತ್ತಕ್ಕಿಂತ ಹೆಚ್ಚಿದ್ದರೆ ಸರ್ಕಲ್ಲೇ ಮೇಲು. ವಾಹನಗಳನ್ನು ಕಾರಿನ ಲೆಕ್ಕಕ್ಕೆ ಇಳಿಸುವ ಪಟ್ಟಿಯಲ್ಲಿ ಸ್ಕೂಟರು ಮುಕ್ಕಾಲು, ಬಸ್ಸು ಎರಡು ಮುಕ್ಕಾಲಿಗಿಂತ ತುಸು ಹೆಚ್ಚು. ಎತ್ತಿನ ಗಾಡಿ ನಾಲ್ಕರಿಂದ ಆರು ಕಾರಿಗೆ ಸಮ! 1976ರ ಊರು ಕಣ್ಣಿಗೆ ಕಟ್ಟುತ್ತದೆ. ಒಂದು ಕೋಟಿ ವಾಹನ ದಾಟಿರುವ, ಅದರಲ್ಲಿ ಬಹುಪಾಲು ದ್ವಿಚಕ್ರಗಳೇ ಆಗಿರುವ ಇಂದಿನ ಬೆಂಗಳೂರಿಗೆ ಆ ಪಟ್ಟಿ ಎಷ್ಟು ಹೊಂದುತ್ತದೆಂಬುದು ಅನುಮಾನವೇ.

ಹೊಸ ಪಂಥ ಹೆಣಿಗೆಯನ್ನು ಬಿಟ್ಟು ಸಂದಿಯನ್ನು ಅಳೆಯುತ್ತದೆ. ಒಳಗಿನ ಎರಡು ವಾಹನಗಳ ನಡುವೆ ಎಷ್ಟು ಸೆಕೆಂಡಿನ ಸಂದು ಸಿಕ್ಕರೆ ಹೊರಗಿನವನು ನುಗ್ಗುತ್ತಾನೆ ಎಂಬುದರಿಂದ ಪ್ರತಿ ಬಾಯಿಯ ತಾಕತ್ತನ್ನು ಲೆಕ್ಕ ಹಾಕುವುದು. ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ನಮ್ಮ ರಸ್ತೆಗಳನ್ನೇ ಅಳೆದು 2017ರಲ್ಲಿ ಹೊರತಂದ ಹೆದ್ದಾರಿ ಸಾಮರ್ಥ್ಯ ಕೈಪಿಡಿ ಈ ಹಾದಿ ಹಿಡಿದಿದೆ. ಅದೇ ವರ್ಷ ಐಆರ್‌ಸಿ 65 ಕೂಡ ಪರಿಷ್ಕಾರಗೊಂಡಿತು. ಈ ಪಂಥದೊಳಗೇ ಒಂದು ಸ್ವಾರಸ್ಯದ ಒಡಕಿದೆ. ಲೇನು ಗೊತ್ತಿಲ್ಲದ, ಸರದಿ ಒಪ್ಪದ ನಮ್ಮ ಜನಕ್ಕೆ ಸಂದಿಯ ಲೆಕ್ಕ ಹೊಂದದು ಎನ್ನುವವರು ಕೆಲವರು. ನಮ್ಮವರಷ್ಟು ಚಿಕ್ಕ ಸಂದಿಯಲ್ಲಿ ತೂರುವವರು ಜಗತ್ತಿನಲ್ಲೇ ಕಡಿಮೆ, ಸ್ಕೂಟರುಗಳು ಮೂರು ನಾಲ್ಕು ಜೊತೆಯಾಗಿ ಒಂದೇ ಸಂದಿಯಲ್ಲಿ ಹೋಗುತ್ತವೆ, ಆದ್ದರಿಂದ ನಮ್ಮ ಸರ್ಕಲ್ಲಿನ ತಾಕತ್ತು ಇಂಗ್ಲಿಷ್ ಪುಸ್ತಕಕ್ಕಿಂತ ಹೆಚ್ಚೇ ಎನ್ನುವವರು ಉಳಿದವರು.

ನನಗೆ ಎರಡೂ ನಿಜವೆಂದೇ ತೋರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಬಸವನಗುಡಿಯ ಒಳರಸ್ತೆಯ ಸಣ್ಣ ಸರ್ಕಲ್ಲೊಂದರ ಬಳಿ ನಿಂತರೆ ಎರಡನೆಯವರು ಸರಿ: ಆಟೋ, ಸ್ಕೂಟರು, ಶಾಲೆಯ ವ್ಯಾನು, ಗ್ಯಾಸ್ ಸಿಲಿಂಡರ್ ಹೊತ್ತ ಟೆಂಪೋ ಯಾರೂ ಪೂರ್ತಿ ನಿಲ್ಲದೆ ನೀರಾಗಿ ಹರಿಯುತ್ತಾರೆ. ಸಂಜೆ ಆರೂವರೆಗೆ ಅಲ್ಲಿಯೇ ನಿಂತರೆ ಮೊದಲನೆಯವರು ಸರಿ. ನಡುವಿನ ಬದಲಾವಣೆ ಮೆಲ್ಲಗೆ ಆಗುವುದಿಲ್ಲ. ಒಂದು ಮಿತಿಯವರೆಗೆ ಸಲೀಸು, ಅದು ದಾಟಿದ ಐದೇ ನಿಮಿಷಕ್ಕೆ ಉಂಗುರ ಬಿಗಿ. ಆ ಕಟ್ಟೆಯ ಕಪ್ಪು ಹಳದಿ ಅಂಚುಕಲ್ಲುಗಳನ್ನು ನೋಡಿದರೆ ಇನ್ನೂ ಒಂದು ವಿಷಯ ತಿಳಿಯುತ್ತದೆ. ಬಸ್ಸಿನ ಹಿಂಗಾಲಿ ಹತ್ತಿ ಒಡೆದ ಕಡೆ ತಿರುವು ಕಿರಿದು. ಎದುರು ಬದಿಯಲ್ಲಿ ಕಲ್ಲು ಗಟ್ಟಿಯಾಗಿದ್ದು ಅದರ ಪಕ್ಕದ ಟಾರು ಮಾತ್ರ ಸವೆದು ನುಣ್ಣಗಾಗಿದ್ದರೆ, ಬಲಕ್ಕೆ ಹೋಗುವವರು ಸುತ್ತು ಹಾಕುವ ಬದಲು ಅಪ್ರದಕ್ಷಿಣವಾಗಿ ಮೊಟಕು ದಾರಿ ಹಿಡಿಯುತ್ತಿದ್ದಾರೆಂದೇ ಅರ್ಥ.

ದೀಪದ ಪಕ್ಷ

ಸಿಗ್ನಲ್ಲಿನ ಪರ ವಾದ ಸುಲಭ. ಯಾರು ಹೋಗಬೇಕೆಂದು ದೀಪ ಹೇಳುತ್ತದೆ, ದಾಕ್ಷಿಣ್ಯದ ಪ್ರಶ್ನೆಯೇ ಇಲ್ಲ. ಎಲ್ಲ ದಿಕ್ಕಿನಿಂದಲೂ ವಾಹನ ಉಕ್ಕಿ ಬರುವ ಹೊತ್ತಿನಲ್ಲಿ ದೀಪಕ್ಕೆ ಸಾಟಿಯಿಲ್ಲ. ನಡೆಯುವವರಿಗೂ ಒಂದಿಷ್ಟು ಸೆಕೆಂಡು ದಕ್ಕುತ್ತದೆ.

ಕಷ್ಟ ಬರುವುದು ದಾರಿಗಳ ಸಂಖ್ಯೆ ಹೆಚ್ಚಿದಾಗ. ಸೌತ್ ಎಂಡ್ ಸರ್ಕಲ್ಲಿನಂಥ ಆರು ದಾರಿಯ ಕೂಟಕ್ಕೆ ಒಂದೊಂದಕ್ಕೂ 25 ಸೆಕೆಂಡ್ ಹಸಿರು, ನಡುವೆ 5 ಸೆಕೆಂಡ್ ತೆರಪು ಕೊಡುತ್ತೇವೆಂದು ಎಣಿಸಿ: ಒಂದು ಸುತ್ತಿಗೆ ಮೂರು ನಿಮಿಷ, ಕೆಂಪು ಬಿದ್ದವನಿಗೆ ಎರಡೂವರೆ ನಿಮಿಷದ ಕಾಯುವಿಕೆ, ಪ್ರತಿ ಮೂರು ನಿಮಿಷಕ್ಕೆ ಅರ್ಧ ನಿಮಿಷ ಯಾರೂ ಹೋಗದ ಖಾಲಿ. ರಾತ್ರಿ ಹತ್ತೂವರೆಗೆ ಎದುರು ನರಪಿಳ್ಳೆಯಿಲ್ಲದಿದ್ದರೂ ಕೆಂಪು ಎಣಿಸುತ್ತ ಕೂರಬೇಕು. ಕೂರದೆ ಹೋಗುವವರೇ ಹೆಚ್ಚು.

ಇದಕ್ಕೆ ಬೆಂಗಳೂರು ಎರಡು ಮದ್ದು ಹುಡುಕಿತು. ಒಂದು, ಒನ್‌ವೇ. ಮಲ್ಲೇಶ್ವರದ ಸಂಪಿಗೆ ರಸ್ತೆ ಮತ್ತು ಮಾರ್ಗೋಸಾ ರಸ್ತೆಗಳನ್ನು ಜೋಡಿ ಒನ್‌ವೇ ಮಾಡಿದ್ದರಿಂದ ಕ್ರಾಸುಗಳಲ್ಲಿ ಎದುರುಬದುರು ಬಲತಿರುವಿನ ಜಗಳವೇ ಇಲ್ಲವಾಗಿ ದೀಪದ ಸರದಿಗಳು ಕಡಿಮೆಯಾದವು. ಒಂದು ರೀತಿಯಲ್ಲಿ ಇದು ಇಡೀ ಬಡಾವಣೆಯನ್ನೇ ಉದ್ದನೆಯ ಸರ್ಕಲ್ ಮಾಡಿದ ಹಾಗೆ. ಹದಿನೈದನೇ ಕ್ರಾಸಿನಲ್ಲಿ ಮನೆ ಇದ್ದವರು ಹಿಂದಕ್ಕೆ ಬರಲು ಎಷ್ಟು ಸುತ್ತಬೇಕೆಂಬುದು ಬೇರೆ ದೂರು. ಇನ್ನೊಂದು ಮದ್ದು ಹೊಸದು: 2024ರಿಂದ ಜಾರಿಗೆ ಬರುತ್ತಿರುವ ಹೊಂದಿಕೊಳ್ಳುವ ಸಿಗ್ನಲ್ ವ್ಯವಸ್ಥೆ. ಸಿ-ಡ್ಯಾಕ್ ಸಂಸ್ಥೆಯ ತಂತ್ರಾಂಶ ಬಂದ ವಾಹನಗಳನ್ನು ನೋಡಿ ಹಸಿರಿನ ಹೊತ್ತನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಖಾಲಿ ರಸ್ತೆಗೆ ಹಸಿರು ಕೊಡುವ ಮೂರ್ಖತನ ಇದರಿಂದ ತಪ್ಪಬೇಕು. ಆದರೂ ದಟ್ಟಣೆಯ ಹೊತ್ತಿನಲ್ಲಿ ಪೊಲೀಸರು ಪೆಟ್ಟಿಗೆ ತೆರೆದು ದೀಪವನ್ನು ಕೈಯಾರೆ ನಡೆಸುವುದು ಇನ್ನೂ ಕಾಣುತ್ತದೆ. ಅವರ ಗಣಿತ ಪುಸ್ತಕದ್ದಲ್ಲ: ಕಣ್ಣಿಗೆ ಕಾಣುವ ಸಾಲು ಮುಗಿಯುವ ತನಕ ಬಿಡು, ಆಮೇಲೆ ಕಾಣದ ಸಾಲಿನ ಮಾತು.

ಕಟ್ಟೆಯೂ ಇದ್ದು ದೀಪವೂ ಇರುವ ಜೋಡಿ ವ್ಯವಸ್ಥೆಯ ಬಗ್ಗೆ ಒಂದು ಮಾತು. ಚಂಡೀಗಢದಲ್ಲಿ ಸೆಕ್ಟರು ಸೆಕ್ಟರುಗಳ ನಡುವೆ ವಿಶಾಲ ಸರ್ಕಲ್ಲುಗಳಿದ್ದವು. ವಾಹನ ಹೆಚ್ಚಿದಂತೆ ಅವುಗಳಲ್ಲಿ ಎಷ್ಟಕ್ಕೋ ಸಿಗ್ನಲ್ ಬಂತು. ಬ್ರಿಟನ್ನಿನಲ್ಲೂ ದೊಡ್ಡ ವೃತ್ತಗಳಿಗೆ ದೀಪ ಹಾಕುವುದುಂಟು, ಆದರೆ ದಟ್ಟಣೆಯ ಹೊತ್ತಿಗೆ ಮಾತ್ರ ಉರಿಯುವ ದೀಪಗಳೂ ಅಲ್ಲಿವೆ. ನಮ್ಮಲ್ಲಿ ಕಟ್ಟೆ ಉಳಿದದ್ದು ಯೋಚನೆಯಿಂದಲ್ಲ, ಪ್ರತಿಮೆ ಅಥವಾ ಮರ ತೆಗೆಯಲಾಗದ್ದರಿಂದ. ಹಾಗಾಗಿ ಸರ್ಕಲ್ಲಿನ ಸುತ್ತುಬಳಸು, ದೀಪದ ಕಾಯುವಿಕೆ ಎರಡೂ ನಮ್ಮ ಪಾಲಿಗೆ.

ಅಗೆದವರು, ಏರಿಸಿದವರು

ಮೂರನೆಯ ಪಕ್ಷಕ್ಕೆ ಈ ತಕರಾರೇ ಬೇಡ: ಅಡ್ಡಹಾಯುವುದೇ ಕಷ್ಟವಾದರೆ ಒಂದು ದಾರಿಯನ್ನು ಕೆಳಗೋ ಮೇಲೋ ಕಳಿಸಿಬಿಡಿ. ಹಳೆಯ ಬೆಂಗಳೂರಿನಲ್ಲಿ ಅತಿ ಹೆಚ್ಚು ದುಡ್ಡು ಹರಿದಿರುವುದು ಈ ಪಕ್ಷದ ಕಡೆಗೆ. 1999ರಲ್ಲಿ ಸಿರ್ಸಿ ಸರ್ಕಲ್ ಫ್ಲೈಓವರ್, ಆಮೇಲೆ ಆನಂದರಾವ್ ಸರ್ಕಲ್, ನ್ಯಾಷನಲ್ ಕಾಲೇಜು, ಮಲ್ಲೇಶ್ವರ ಸರ್ಕಲ್ಲಿನ ಅಂಡರ್‌ಪಾಸ್, ಕಾವೇರಿ ಚಿತ್ರಮಂದಿರದ ಬಳಿ ಮ್ಯಾಜಿಕ್ ಬಾಕ್ಸ್ ಎಂಬ ಅಂಡರ್‌ಪಾಸ್, 2022ರಲ್ಲಿ ತೆರೆದ ಶಿವಾನಂದ ಸರ್ಕಲ್ಲಿನ ಉಕ್ಕಿನ ಸೇತುವೆ. ಟ್ಯಾಗೋರ್ ಸರ್ಕಲ್ಲಿನ ಅಂಡರ್‌ಪಾಸಿಗೆ ಬಸವನಗುಡಿಯ ನಿವಾಸಿಗಳು, ಗಾಂಧಿ ಬಜಾರಿನ ವ್ಯಾಪಾರಿಗಳು ಜೋರಾಗಿಯೇ ವಿರೋಧ ಎತ್ತಿದ್ದರು. ಅಂಡರ್‌ಪಾಸ್ ಆಯಿತು.

ಇವು ಸಾಧಿಸಿದ್ದನ್ನು ಅಲ್ಲಗಳೆಯಲಾಗದು. ಸೀದಾ ಹೋಗುವವನಿಗೆ ಆ ಒಂದು ಸರ್ಕಲ್ ಇಲ್ಲವಾಗುತ್ತದೆ. ಆದರೆ ಅವನು ಬೇಗ ತಲುಪುವುದು ಮುಂದಿನ ಸಿಗ್ನಲ್ಲನ್ನು. ಕೂಡುರಸ್ತೆಗಳು ಫರ್ಲಾಂಗಿಗೊಂದಿರುವ ಬಡಾವಣೆಯಲ್ಲಿ ಸಾಲು ಒಂದು ಮೂಲೆಯಿಂದ ಇನ್ನೊಂದಕ್ಕೆ ಸಾಗುತ್ತದಷ್ಟೆ. ತಿರುಗಿಕೊಳ್ಳುವವರಿಗೆ ಮೇಲೆ ಉಳಿಯುವುದು ಮೊದಲಿಗಿಂತ ಕಿರಿದಾದ ರಸ್ತೆ. ಮಳೆಗಾಲದ ಭಯ ಬೇರೆ: 2023ರ ಮೇ 21ರಂದು ಕೆ.ಆರ್. ಸರ್ಕಲ್ಲಿನ ಅಂಡರ್‌ಪಾಸಿನಲ್ಲಿ ನಿಂತ ಮಳೆನೀರಿಗೆ ಕಾರು ಸಿಕ್ಕಿ ಯುವತಿಯೊಬ್ಬರು ತೀರಿಕೊಂಡರು. ನೆಲಮಟ್ಟದ ಸರ್ಕಲ್ಲಿನಲ್ಲಿ ಆಗಲಾರದ ಸಾವು ಅದು.

ಅಪಘಾತದ ಲೆಕ್ಕ, ಮತ್ತು ನಡೆಯುವವರು

ಹರಿವಿನ ಮಾತನ್ನು ಪಕ್ಕಕ್ಕಿಟ್ಟು ಪ್ರಾಣದ ಮಾತಾಡುವವರು ನಾಲ್ಕನೆಯ ಪಕ್ಷ. ಇಂದು ಜಗತ್ತಿನಲ್ಲಿ ಸರ್ಕಲ್ಲಿಗೆ ಮರುಜೀವ ಬಂದದ್ದು ಇವರಿಂದ. ನಾಲ್ಕು ದಾರಿ ಸೇರುವ ಸಾದಾ ಕೂಡುರಸ್ತೆಯಲ್ಲಿ ವಾಹನಗಳು ಒಂದಕ್ಕೊಂದು ತಾಗಬಹುದಾದ ಜಾಗಗಳು 32. ಒಂದೇ ಸಾಲಿನ ಸರ್ಕಲ್ಲಿನಲ್ಲಿ 8. ಎದುರುಬದುರು ಡಿಕ್ಕಿ, ಪಕ್ಕೆಗೆ ಗುದ್ದುವುದು ಇಲ್ಲ. ತಾಗಿದರೂ ಓರೆಯಾಗಿ, ನಿಧಾನದಲ್ಲಿ. ಅಮೆರಿಕದಲ್ಲಿ ಸಿಗ್ನಲ್ ಅಥವಾ ಸ್ಟಾಪ್ ಫಲಕವಿದ್ದ 24 ಕೂಡುರಸ್ತೆಗಳನ್ನು ಸರ್ಕಲ್ಲಿಗೆ ಬದಲಿಸಿ ನೋಡಿದ ಅಧ್ಯಯನದಲ್ಲಿ ಗಾಯದ ಅಪಘಾತಗಳು ಸುಮಾರು ಮುಕ್ಕಾಲು ಭಾಗ ಇಳಿದವು, ಸಾವು ಮತ್ತು ತೀವ್ರ ಗಾಯಗಳು ಇನ್ನೂ ಹೆಚ್ಚಾಗಿ. ಇಂಡಿಯಾನಾದ ಕಾರ್ಮೆಲ್ ಎಂಬ ಊರು ನೂರೈವತ್ತು ಸರ್ಕಲ್ ದಾಟಿದ್ದು ಈ ನಂಬಿಕೆಯ ಮೇಲೆ.

ಆದರೆ ಅಲ್ಲಿ ಉಳಿದ ಪ್ರಾಣಗಳು ಹೆಚ್ಚಾಗಿ ಕಾರಿನೊಳಗಿನವು. ಬೆಲ್ಜಿಯಂನ ಫ್ಲ್ಯಾಂಡರ್ಸ್‌ನಲ್ಲಿ 91 ಸರ್ಕಲ್ಲುಗಳನ್ನು ಪರಿಶೀಲಿಸಿದ 2008ರ ಅಧ್ಯಯನ ಬೇರೆಯದನ್ನು ಕಂಡಿತು: ಸೈಕಲ್ ಸವಾರರು ಗಾಯಗೊಂಡ ಅಪಘಾತಗಳು ನೂರಕ್ಕೆ 27ರಷ್ಟು ಏರಿದ್ದವು. ಹೊರಹೋಗುವ ಕಾರು ಪಕ್ಕದ ಸೈಕಲ್ಲನ್ನು ಕಾಣದಿರುವುದು ಇಂಥ ಅಪಘಾತಗಳ ಹಳೆಯ ಕಾರಣ. ದ್ವಿಚಕ್ರಗಳೇ ತುಂಬಿದ ಬೆಂಗಳೂರಿಗೆ ಈ ಎರಡರಲ್ಲಿ ಯಾವುದು ಹತ್ತಿರ? ನಮ್ಮ ಸ್ಕೂಟರು ಸೈಕಲ್ಲಿಗಿಂತ ವೇಗ, ಕಾರಿಗಿಂತ ಬೆತ್ತಲೆ. ಅಮೆರಿಕದ ಅಂಕಿಯನ್ನು ಎತ್ತಿ ಇಲ್ಲಿ ಹಚ್ಚುವವರನ್ನು ನಾನು ನಂಬಲಾರೆ.

ನಡೆಯುವವರ ಮಾತು ಎಲ್ಲ ಪಕ್ಷಗಳಲ್ಲೂ ಕೊನೆಗೇ ಬರುತ್ತದೆ. ಸರ್ಕಲ್ಲಿನ ಹೆಗ್ಗಳಿಕೆ ವಾಹನ ನಿಲ್ಲುವುದಿಲ್ಲ ಎಂಬುದು. ದಾಟಬೇಕಾದವರ ದುಃಖವೂ ಅದೇ. ಗಾಂಧಿ ಬಜಾರಿನಲ್ಲಿ ಹೂವು ಹಣ್ಣಿನ ಚೀಲ ಹಿಡಿದು ನಿಂತ ಹಿರಿಯರು, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಮಗುವಿನ ಕೈ ಹಿಡಿದ ತಾಯಿ ಸಂದಿಯ ಸೆಕೆಂಡು ಅಳೆದು ಓಡಬೇಕು. ಕಣ್ಣು ಕಾಣದವರಿಗೆ ಇನ್ನೂ ಕಷ್ಟ, ಕಿವಿಗೊಟ್ಟು ಕೇಳಲು ನಿಂತ ವಾಹನದ ಸದ್ದೇ ಇರುವುದಿಲ್ಲ. ಒಳ್ಳೆಯ ಸರ್ಕಲ್ಲಿನ ಪ್ರತಿ ಬಾಯಿಯಲ್ಲೂ ನಡುವೆ ನಿಲ್ಲಲು ಪುಟ್ಟ ದ್ವೀಪ, ಎತ್ತರಿಸಿದ ದಾಟುಪಟ್ಟಿ, ವಾಹನಗಳನ್ನು ತಾನಾಗಿ ನಿಧಾನಿಸುವ ಬಿಗಿ ತಿರುವು ಇರಬೇಕು. ನಮ್ಮ ಹಳೆಯ ಸರ್ಕಲ್ಲುಗಳಲ್ಲಿ ನಡುವಿನ ಕಟ್ಟೆ ಸಿಂಗಾರಗೊಂಡಿತು, ಬಾಯಿಗಳು ಬೋಳಾಗಿಯೇ ಉಳಿದವು. ನಗರ ಭೂ ಸಾರಿಗೆ ನಿರ್ದೇಶನಾಲಯ ಗಾಂಧಿ ಬಜಾರ್ ಮುಖ್ಯರಸ್ತೆಯನ್ನು ಪಾದಚಾರಿಗಳ ಕಡೆಯಿಂದ ನೋಡಿ ತಿದ್ದಲು ಹೊರಟದ್ದು ಆ ದಿಕ್ಕಿನ ಅಪರೂಪದ ಯತ್ನ. ಕಡಲೆಕಾಯಿ ಪರಿಷೆಯ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಯನ್ನು ವಾಹನಗಳಿಗೆ ಮುಚ್ಚಿದಾಗ ಅದರ ಭಾರವನ್ನು ಸುತ್ತಲಿನ ಸಣ್ಣ ಸರ್ಕಲ್ಲುಗಳೇ ಹೊರುತ್ತವೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಇನ್ನೂ ಬಗೆಹರಿಯದ್ದು

ಇಷ್ಟೆಲ್ಲ ಪಕ್ಷಗಳ ನಡುವೆ ಒಂದು ಒಪ್ಪಂದ ಕಾಣುತ್ತದೆ: ಅತಿ ದಟ್ಟಣೆಯ ದೊಡ್ಡ ಕೂಟಗಳಿಗೆ ದೀಪವಿಲ್ಲದ ಸರ್ಕಲ್ ಸಲ್ಲದು, ಮಧ್ಯಮ ದಟ್ಟಣೆಯ, ಬಲತಿರುವು ಹೆಚ್ಚಿರುವ ಒಳರಸ್ತೆಯ ಕೂಟಗಳಿಗೆ ಅದು ಎಲ್ಲಕ್ಕಿಂತ ಅಗ್ಗ ಮತ್ತು ಸುಲಭ. ಚಾಮರಾಜಪೇಟೆಯ, ಬಸವನಗುಡಿಯ, ಮಲ್ಲೇಶ್ವರದ ಮೇನು ಕ್ರಾಸುಗಳಲ್ಲಿ ಬಹುಪಾಲು ಎರಡನೆಯ ಬಗೆಯವು. ಹಾಗಿದ್ದೂ ನಗರ ದೊಡ್ಡ ಸರ್ಕಲ್ಲುಗಳ ಮೇಲೆ ಕೋಟಿಗಟ್ಟಲೆ ಸುರಿದು, ಸಣ್ಣವಕ್ಕೆ ಹಂಪು ಹಾಕಿ ಸುಮ್ಮನಾಯಿತು. ನನ್ನ ಮಟ್ಟಿಗೆ ಇಡೀ ಕತೆಯ ತಿರುಗುಮುರುಗು ಇಲ್ಲಿದೆ.

ಮುಂದಿನ ಪ್ರಶ್ನೆಗಳಿಗೆ ಉತ್ತರ ಸುಲಭವಿಲ್ಲ. ಒಳಗಿನವರಿಗೆ ಮೊದಲ ಹಕ್ಕು ಎಂಬ ನಿಯಮವನ್ನು ಗೆರೆ ಬಳಿದು, ಬಾಯಿ ಕಿರಿದು ಮಾಡಿ, ದಂಡ ಹಾಕಿ, ತಿಂಗಳುಗಟ್ಟಲೆ ನಡೆಸಿದರೆ ಬೆಂಗಳೂರಿನವರು ಒಗ್ಗಿಕೊಳ್ಳುತ್ತಾರೋ? ಹೆಲ್ಮೆಟ್ಟಿಗೆ ಒಗ್ಗಿದರು ಎನ್ನುವವರಿದ್ದಾರೆ. ಹೆಲ್ಮೆಟ್ ಹಾಕುವುದು ಒಬ್ಬನ ಕೈಯಲ್ಲಿದೆ, ದಾರಿ ಬಿಡುವುದಕ್ಕೆ ಹಿಂದಿನವನ ಹಾರ್ನನ್ನೂ ಸಹಿಸಬೇಕು ಎನ್ನುವವರೂ ಇದ್ದಾರೆ. ಲೇನಿಲ್ಲದ ದ್ವಿಚಕ್ರ ಹರಿವಿನಲ್ಲಿ ಉಂಗುರ ಬಿಗಿಯುವ ಮಿತಿ ಎಲ್ಲಿದೆ, 1976ರ ಕೈಪಿಡಿ ಹೇಳುವ 3,000ಕ್ಕಿಂತ ಮೇಲೋ ಕೆಳಗೋ? 2017ರಲ್ಲಿ ಹಸಿರು ಮಾರ್ಗದ ಮೆಟ್ರೋ ಸೌತ್ ಎಂಡ್, ನ್ಯಾಷನಲ್ ಕಾಲೇಜು, ಸಂಪಿಗೆ ರಸ್ತೆಗಳನ್ನು ಜೋಡಿಸಿದ ಮೇಲೆ ನಿಲ್ದಾಣದ ಬಾಯಲ್ಲಿ ನಡೆಯುವವರು ಹೆಚ್ಚಿದ್ದಾರೆ. ಅವರಿಗೂ ಸರ್ಕಲ್ಲಿಗೂ ಹೇಗೆ ಹೊಂದಿಸುವುದು? ಕಟ್ಟೆಯ ಮೇಲಿನ ಹಳೆಯ ಮರ, ಪ್ರತಿಮೆಗಳನ್ನು ಮುಟ್ಟದೆ ತಿರುವು ತಿದ್ದಲು ಸಾಧ್ಯವೇ? ಚಂಡೀಗಢದ ಟ್ರಿಬ್ಯೂನ್ ಚೌಕದ ಮೇಲ್ಸೇತುವೆ ಮರಗಳ ಕಾರಣಕ್ಕೆ ವರ್ಷಗಟ್ಟಲೆ ಹೈಕೋರ್ಟಿನಲ್ಲಿ ಸಿಕ್ಕಿಕೊಂಡದ್ದು ನೆನಪಿರಲಿ.

ಕೊನೆಯದು ಎಂಜಿನಿಯರಿಂಗ್ ಪ್ರಶ್ನೆಯೇ ಅಲ್ಲ. ಅಂಚುಕಲ್ಲು ಪಾಲಿಕೆಯದು, ದೀಪ ಮತ್ತು ದಂಡ ಸಂಚಾರ ಪೊಲೀಸರದು, ಯೋಜನೆ ಇನ್ನೊಂದು ನಿರ್ದೇಶನಾಲಯದ್ದು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ಒಂದೇ ಸಣ್ಣ ಸರ್ಕಲ್ಲಿನ ಬಾಯಿ ಕಿರಿದು ಮಾಡಿ ಗೆರೆ ಬಳಿಯಬೇಕೆಂದರೆ ಅರ್ಜಿ ಮೊದಲು ಯಾರ ಮೇಜಿಗೆ ಹೋಗಬೇಕು, ಅವರು ಒಪ್ಪಿದರೂ ಅಲ್ಲಿ ಸಂಜೆ ಆರೂವರೆಗೆ ನಿಂತು ನಿಯಮ ನಡೆಸುವವರು ಯಾರು ಎಂಬುದಕ್ಕೆ ಈ ಹೊತ್ತಿಗೂ ಒಬ್ಬೊಬ್ಬರದು ಒಂದೊಂದು ಉತ್ತರ.